ದಿನಾ ಅನ್ನ ಉಣ್ಣುವ ಮನೆ

ಹಂಗಳ
ತಾ. 10-5-2007, ಗುರುವಾರ

ಚಿರಂಜೀವಿ ಮಾದೇಶನಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಿನ್ನ ಸೊಂಟದ ನೋವು ಹೇಗಿದೆ? ನಿನ್ನ ಜೊತೆ ಕೆಲಸಕ್ಕೆ ಹೋದ ಚಿಕ್ಕಮಲ್ಲಪ್ಪನ ಜ್ವರ ಬಿಟ್ಟಿತೇ? ವಯನಾಡಿನಲ್ಲಿ ಮಳೆ ಹಿಡಿದಿದೆಯಂತೆ, ಶುಂಠಿ ಹೊಲದಲ್ಲಿ ತಲೆ ನೆನೆಸಿಕೊಳ್ಳಬೇಡ. ಇಲ್ಲಿ ನಿನ್ನ ಹೆಂಡತಿ ಕುಮಾರಿ ಹೇಗೋ ಓಡಾಡಿಕೊಂಡಿದ್ದಾಳೆ. ನಿನ್ನ ಮಗಳು ಪುಟ್ಟಿಯ ವಿಷಯಕ್ಕೇ ಬರೆಯುತ್ತಿದ್ದೇನೆ, ಮಗನೇ. ಸಂಕ್ರಾಂತಿಯಲ್ಲಿ ನಾನು ಬರೆದ ಕಾಗದವನ್ನು ನಂಬಬೇಡ.

ಆಗ ನಮ್ಮೂರು ಹರದನಹಳ್ಳಿಯಿಂದ ಬಂದು ಎರಡು ದಿನ ಇಲ್ಲಿದ್ದೆ. ಎರಡು ಹೊತ್ತೂ ಅನ್ನ! ನನ್ನ ಕಾಲದಲ್ಲಿ ಅನ್ನವೆಂದರೆ ಹಬ್ಬಕ್ಕೆ, ಇಲ್ಲವೇ ಬೀಗರು ಬಂದರೆ. ಪಕ್ಕದ ಮನೆಯ ಚಿಕ್ಕಬಸಮ್ಮ ಬೇರೆ, "ದಿನಾ ಅನ್ನ ಉಣ್ಣೋರು ಕಣಕ್ಕ, ನಮ್ಮಂಗೆ ಮುದ್ದೆ ನುಂಗೋರಾ?" ಎಂದು ಕಿಚಾಯಿಸಿದಳು. ನಾನು ಹಿಗ್ಗಿಹೋಗಿ, ಮನೆ ಚೆನ್ನಾಗಿದೆ, ದೀಪಾವಳಿಯವರೆಗೂ ದುಡಿದುಕೊಂಡೇ ಬಾ ಎಂದು ಬರೆದುಬಿಟ್ಟೆ. ಮನೆಯಲ್ಲಿ ರಾಗಿ ಯಾಕಿಲ್ಲ ಎಂದು ಕೇಳುವ ಬುದ್ಧಿ ಬರಲಿಲ್ಲ. ಹೊಲದ ರಾಗಿಯನ್ನೆಲ್ಲ ಕಾಡಿನಿಂದ ಬಂದ ಆನೆಗಳು ತುಳಿದುಹಾಕಿದ್ದವಂತೆ. ನೀನು ಕೆಲಸ ಬಿಟ್ಟು ಓಡಿ ಬರುತ್ತೀಯೆಂದು ಕುಮಾರಿ ನಿನಗೆ ಬಾಯಿ ಬಿಟ್ಟಿಲ್ಲ. ಆಗ ನಾನು ಕಂಡದ್ದು ರೇಷನ್ ಕಾರ್ಡಿನ ಅಕ್ಕಿ. ಅದು ಅರ್ಧ ತಿಂಗಳಿಗೇ ಮುಗಿಯುತ್ತದೆ. ಆಮೇಲೆ ಮಗುವನ್ನು ಹಿಡಿದು ನಿಲ್ಲಿಸಿದ್ದು ಶಾಲೆಯ ಮಧ್ಯಾಹ್ನದ ಊಟ. ಬೇಸಿಗೆ ರಜೆಗೆ ಅದೂ ನಿಂತಿದೆ. ಪಂಚಾಯ್ತಿಯವರು ಬಂದು, ಈ ಮನೆಗೆ ಎಲ್ಲಾ ಸಿಕ್ಕಿದೆ ಎಂದು ಬರೆದುಕೊಂಡು ಹೋದರಂತೆ. ಅವರನ್ನೇನು ಅನ್ನಲಿ, ನಾನೂ ಹಾಗೇ ಬರೆದವಳಲ್ಲವೇ?

ಮೊನ್ನೆ ನಾನು ಬಂದಿಳಿದ ಕೂಡಲೇ ಪುಟ್ಟಿ, "ಅಜ್ಜಿ, ಇಸ್ಕೂಲು ಯಾವಾಗ ತೆಗೀತಾರ?" ಅಂದಳು. ಓದಿನ ಹುಚ್ಚೆಂದು ನಕ್ಕೆ. ನಿನ್ನೆ ನಲ್ಲಿಯ ಹತ್ತಿರ ಕಣ್ಣು ಕತ್ತಲೆ ಬಂದು ಬಿದ್ದಳು. ಎತ್ತಿಕೊಂಡರೆ ಕೈಗೆ ಭಾರವೇ ಇಲ್ಲ. ಗದರಿದ್ದಕ್ಕೆ ಕುಮಾರಿ, "ಬುಡಿ ದೊಡ್ಡತ್ತೆ, ಬಿಸ್ಲಿಗೆ ಬಿದ್ದದ. ಕಾರ್ಡಕ್ಕಿ ಬತ್ತದ, ನಮಗೇನ್ ಕಮ್ಮಿ?" ಎಂದು ಮುಖ ತಿರುಗಿಸಿಕೊಂಡಳು. ಅವಳನ್ನು ಬೈಯಬೇಡ.

ಮಾದಪ್ಪ ನಿನ್ನನ್ನು ಕಾಯಲಿ.

ಮಲ್ಲಾಜಮ್ಮ

ಒಂದು ಮಾತು ಬಿಟ್ಟುಹೋಯಿತು: ಬೆಳಿಗ್ಗೆ ನರ್ಸಮ್ಮ ಪುಟ್ಟಿಯ ರೆಪ್ಪೆ ಬಿಡಿಸಿ ನೋಡಿ, ಮೈಯಲ್ಲಿ ರಕ್ತವೇ ಇಲ್ಲ, ಮೈಸೂರಿನ ದೊಡ್ಡಾಸ್ಪತ್ರೆಗೆ ಸೇರಿಸಿ ಎಂದರು. ನಿನ್ನ ಮಾತಿಲ್ಲದೆ ಎಲ್ಲಿಗೂ ಕಳಿಸುವುದಿಲ್ಲವೆಂದು ಕುಮಾರಿಯ ಹಟ. ಈ ಕಾಗದವನ್ನು ವಯನಾಡಿನ ಬತ್ತೇರಿಗೆ ತರಕಾರಿ ಒಯ್ಯುವ ಲಾರಿಯ ಶಿವಮಲ್ಲು ಕೈಯಲ್ಲಿ ಕೊಡುತ್ತಿದ್ದೇನೆ. ನಾಳೆಯೇ ಅವನು ತಿರುಗಿ ಬರುತ್ತಾನೆ. ಬರುವುದಾದರೆ ಅದೇ ಲಾರಿ ಹತ್ತಿಬಿಡು. ಆಗದಿದ್ದರೆ, ಮಗುವನ್ನು ದೊಡ್ಡಮ್ಮನ ಜೊತೆ ಕಳಿಸು ಎಂದು ಕುಮಾರಿಗೆ ಎರಡೇ ಸಾಲು ಬರೆದು ಅವನ ಕೈಗೆ ಕೊಡು. ಅವನನ್ನು ಬರಿಗೈಯಲ್ಲಿ ಕಳಿಸಬೇಡ.