ಹವಳದ ತೊಟ್ಟಿಗೆ ಬಿದ್ದ ತುತ್ತು

ಗೂಡುಮನೆ, ನೇತ್ರಾಣಿ ದ್ವೀಪಕ್ಕೆ ಎದುರಾದ ಗುಡ್ಡದೊಳಗಿನಿಂದ
ಬಾಗಿಲು ಮುಚ್ಚಿದ ನೂರಾ ಹದಿನಾಲ್ಕನೆಯ ವರ್ಷ, ಹದಿಮೂರನೆಯ ತಿಂಗಳ ಅಮಾವಾಸ್ಯೆ

ಬಾಗಿಲು ಮುಚ್ಚುವ ಮೊದಲು ಬಯಲಿನಲ್ಲಿ ಬಾಳಿದ, ನಾವು ಕಾಣದ ಹಿರಿಯರಿಗೆ, ಹವಳದ ತೊಟ್ಟಿ ಕಾಯುವ ಮಾದೇವಿ ಮೊಗೇರಳ ನಮಸ್ಕಾರ.

ಈ ತಾರೀಕು ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ನನ್ನ ಕೆಲವು ಮಾತುಗಳೂ ವಿಚಿತ್ರವಾಗಿ ಕೇಳಿಸಬಹುದು, ಕ್ಷಮಿಸಬೇಕು. ನಾಲ್ಕು ತಲೆಮಾರು ಒಂದೇ ಗುಡ್ಡದೊಳಗೆ ಕೂತು ಮಾತಾಡಿದರೆ ಭಾಷೆಗೂ ಜಡ್ಡು ಹಿಡಿಯುತ್ತದೆ. ಹೊರಗಿನ ಗಾಳಿ, ನೀರು ಕೆಟ್ಟಾಗ ನಮ್ಮವರು ಗುಡ್ಡ ಕೊರೆದು ಒಳಹೊಕ್ಕರು. ಇದನ್ನೇ ಗೂಡುಮನೆ ಎನ್ನುತ್ತೇವೆ. ಬರುವಾಗ ಕಡಲಿನ ಹವಳವನ್ನೂ ಒಂದಷ್ಟು ಮೀನನ್ನೂ ತಂದು ಗಾಜಿನ ತೊಟ್ಟಿಯಲ್ಲಿಟ್ಟರು. ವರ್ಷಕ್ಕೊಮ್ಮೆ ಒಬ್ಬರು ಚಿಕ್ಕ ಕಂಡಿಯಿಂದ ಹೊರಗೆ ಹೋಗಿ, ಹವಳದ ಒಂದು ಚೂರನ್ನು ಕಡಲಿನಲ್ಲಿಟ್ಟು ನೋಡಬೇಕು. ಅದು ಬದುಕಿದ ವರ್ಷ ದೊಡ್ಡ ಬಾಗಿಲು ತೆರೆಯಬಹುದು. ತೊಟ್ಟಿಯ ಹವಳವೇ ಸತ್ತರೆ ಬಾಗಿಲಿಗೆ ಕಲ್ಲು ಕಟ್ಟಿಬಿಡಬೇಕೆಂಬುದು ಕಟ್ಟಳೆ. ಪುಣ್ಯಾತ್ಮರು, ಹವಳ ಸಾಕುವುದೆಂದರೆ ಕೋಳಿ ಸಾಕಿದಂತೆ ಅಂದುಕೊಂಡಿದ್ದರು! ಈಗ ಊರಿಗೆ ಊರೇ ದಿನಾ ಬಂದು ನನ್ನ ತೊಟ್ಟಿ ನೋಡಿ, ಆಮೇಲೆ ನನ್ನ ಮುಖ ನೋಡುತ್ತದೆ.

ಈ ವರ್ಷ ಕಲ್ಲುಗಳ ಮೇಲೆ ಕೂದಲಿನಂಥ ಪಾಚಿ ಎದ್ದಿತು, ಹವಳದ ಬಣ್ಣ ಮಾಸಿತು. ನೀರಿನಲ್ಲಿ ಫಾಸ್ಫೇಟ್ ಏರಿತ್ತು. ಪಾಚಿಗೆ ಅದು ಹಬ್ಬದೂಟ. ಹವಳಕ್ಕೆ ಮಾತ್ರ ಎಲುಬು ಕಟ್ಟಲು ಬಿಡದ ಪೀಡೆ. ನೀರು ಬದಲಿಸಿ ಎನ್ನುತ್ತೀರೇನೋ. ಎಲ್ಲಿಂದ ತರಲಿ? ಕಡಲು ಗೋಡೆಯಾಚೆಗೇ ಇದೆ, ಸದ್ದೂ ಕೇಳುತ್ತದೆ, ಆದರೆ ಒಂದು ತಂಬಿಗೆಯಷ್ಟೂ ಒಳಗೆ ತರುವಂತಿಲ್ಲ.

ಉಗ್ರಾಣದಲ್ಲಿ ಕಬ್ಬಿಣದ ಹರಳಿನ ಒಂದು ಚೀಲವಿತ್ತು. ಅದು ಫಾಸ್ಫೇಟನ್ನು ಬೇಗ ಹೀರುತ್ತದೆ, ಆದರೆ ಚೂರೂ ಉಳಿಸದೆ ಹೀರುತ್ತದೆ. ಹವಳಕ್ಕೂ ಅದು ಒಂದು ಚಿಟಿಕೆ ಬೇಕು. ನನ್ನ ಅಜ್ಜನ ಕಾಲದಲ್ಲಿ ಹರಳು ಸುರಿದು ಅರ್ಧ ಹವಳ ಹಸಿವಿನಿಂದ ಬೆಳ್ಳಗಾಗಿತ್ತಂತೆ. ಇನ್ನೊಂದು, ಲ್ಯಾಂಥನಮ್ ಎಂಬ ಲೋಹದ ದ್ರಾವಣ. ಹನಿ ಬಿದ್ದೊಡನೆ ಫಾಸ್ಫೇಟನ್ನು ಹಿಡಿದು ಬಿಳಿ ಹುಡಿಯಾಗುತ್ತದೆ. ಆ ಹುಡಿಯನ್ನು ಸೋಸುವ ಬಟ್ಟೆ ನಮ್ಮಲ್ಲಿ ಸವೆದು ಜಾಲರಿಯಾಗಿದೆ, ಹುಡಿ ಕಿವಿರಿಗೆ ಹೊಕ್ಕರೆ ಮೀನು ಉಳಿಯುವುದಿಲ್ಲ. ಕೊನೆಯ ದಾರಿ, ಪಕ್ಕದ ತೊಟ್ಟಿಯಲ್ಲಿ ಕಡಲಪಾಚಿ ಬೆಳೆಸುವುದು. ಅದು ನಿಧಾನವಾಗಿ ಫಾಸ್ಫೇಟ್ ತಿಂದು ಬೆಳೆಯುತ್ತದೆ, ನಾವು ಕೊಯ್ದು ತೆಗೆಯುತ್ತೇವೆ. ಅದಕ್ಕೆ ಬೇಕಾದದ್ದು ಬೆಳಕು. ಇಲ್ಲಿ ಪ್ರತಿಯೊಬ್ಬರಿಗೂ ಬೆಳಕುಪಾಲು ಎಂದಿದೆ, ಅಂದರೆ ಸೂರ್ಯದೀಪದ ಕೆಳಗೆ ದಿನಕ್ಕಿಷ್ಟು ಹೊತ್ತು ಕೂರುವ ಹಕ್ಕು. ನಾನು ಕಡಲಪಾಚಿಯನ್ನೇ ಆರಿಸಿ ಎಲ್ಲರ ಪಾಲಿನಲ್ಲಿ ಅರ್ಧ ಕಸಿದೆ. ಬೈಗುಳಕ್ಕೆ ಬರವಿರಲಿಲ್ಲ.

ಆದರೂ ಫಾಸ್ಫೇಟ್ ಇಳಿಯಲಿಲ್ಲ. ಕಾರಣ ಕಣ್ಣೆದುರಿಗೇ ಇತ್ತು. ನೀವು ಸತ್ತವರ ಹೆಸರಿನಲ್ಲಿ ಕಾಗೆಗೆ ಅನ್ನ ಇಡುತ್ತೀರಿ. ನಮ್ಮಲ್ಲಿ ಕಾಗೆ ಇಲ್ಲ. ಮುತ್ತಜ್ಜಿಯರ ಕಾಲದಿಂದಲೂ ಮೀನೇ ಕಾಗೆ. ಪ್ರತಿ ಮನೆಯವರೂ ಉಣ್ಣುವ ಮೊದಲು ತೊಟ್ಟಿಗೆ ಒಂದು ತುತ್ತು ಹಾಕುತ್ತಾರೆ. ವರ್ಷ ಹೋದಂತೆ ಸತ್ತವರು ಹೆಚ್ಚಿದರು, ತುತ್ತೂ ಹೆಚ್ಚಿತು. ಮೀನು ಬಿಟ್ಟ ಅನ್ನ ಕೊಳೆತು ಫಾಸ್ಫೇಟಾಗುತ್ತಿತ್ತು. ಒಂದು ಕೈಯಿಂದ ತೆಗೆದು ಇನ್ನೊಂದು ಕೈಯಿಂದ ಹಾಕುವ ಸಂಸಾರ ನಮ್ಮದು.

ಊರು ಕೂಡಿ ತುತ್ತು ನಿಲ್ಲಿಸಲು ಒಪ್ಪಿತು, ದುರ್ಗಜ್ಜಿಯೊಬ್ಬಳನ್ನು ಬಿಟ್ಟು. ಅವಳ ಮಗ ಜಟ್ಟಪ್ಪ ಹೋದ ವರ್ಷ ಹವಳದ ಚೂರು ಹಿಡಿದು ಕಂಡಿಯಿಂದ ಹೊರಗೆ ಹೋದವನು ಮರಳಲಿಲ್ಲ. "ಹೋಯ್ ಮಾದೇವಿ, ನಿನ್ ಹವಳಕ್ಕೆ ಹೊಟ್ಟೆ ಇತ್, ನನ್ ಮಗನಿಗೆ ಇಲ್ಯಾ?" ಎಂದಳು. ನನಗೆ ಅಳು ಬಂತು. ಅಜ್ಜಿ ಬಿಡದಿದ್ದರೆ ನಾವೇಕೆ ಬಿಡಬೇಕೆಂದು ಉಳಿದವರೂ ಮತ್ತೆ ತಟ್ಟೆ ಹಿಡಿದು ಬರತೊಡಗಿದರು. ದಿನವಿಡೀ ಅವಳ ಪಕ್ಕ ಕೂತೆ. ಕೊನೆಗೆ ಅವಳೇ ಹೇಳಿದಳು: "ಕಾಗೆ ಇಪ್ಪೋರ್ ಹತ್ರ ಹೇಳಿ ಇಡ್ಸ್. ಮತ್ತೆ ನಾ ನಿಲ್ಸ್ತೆ."

ಕಾಗೆ ಇರುವವರು ನೀವೇ ತಾನೆ? ಅದಕ್ಕೇ ಈ ಓಲೆ. ಹೇಗೆ ತಲುಪೀತೆಂದು ಕೇಳಬೇಡಿ, ನನಗೂ ಗೊತ್ತಿಲ್ಲ. ಬರೆದದ್ದನ್ನು ಅಜ್ಜಿಗೆ ಓದಿ ಹೇಳಿದೆ. ಈ ಹೊತ್ತು ಅವಳು ತೊಟ್ಟಿಯವರೆಗೆ ಬಂದು, ತುತ್ತನ್ನು ಕೈಯಲ್ಲೇ ಹಿಡಿದು ನಿಂತು, ಹಾಗೆಯೇ ಮನೆಗೆ ಒಯ್ದಳು.

ನಿಮ್ಮಲ್ಲಿ ಬೇಡುವುದು ಇಷ್ಟೇ. ಮುಂದಿನ ಅಮಾವಾಸ್ಯೆಗೆ ಬಯಲಿನಲ್ಲಿ, ಆಕಾಶದ ಕೆಳಗೆ, ಒಂದು ಹಿಡಿ ಅನ್ನ ಇಟ್ಟು ಜಟ್ಟಪ್ಪನ ಹೆಸರು ಹೇಳಿ. ನಿಮ್ಮ ಕಾಲಕ್ಕೆ ಇನ್ನೂ ಹುಟ್ಟದವನಿಗೆ ಹೇಗೆ ಇಡುವುದೆಂದು ಅಳುಕಬೇಡಿ. ಸ್ವಲ್ಪ ಒಣಮೀನು ಸೇರಿಸಿ, ಅವನಿಗೆ ಅದಿಲ್ಲದೆ ಊಟ ಸೇರುತ್ತಿರಲಿಲ್ಲ. ಕಾಗೆ ಬಂತೋ ಇಲ್ಲವೋ ಎಂದು ನಮಗೆ ಇಲ್ಲಿಂದ ಕಾಣಿಸುವುದಿಲ್ಲ. ಬಂತು, ಕೂತಲ್ಲೇ ಪೂರ್ತಿ ತಿಂದಿತು ಎಂದು ನಾನು ಅಜ್ಜಿಗೆ ಹೇಳುತ್ತೇನೆ.