ಮುರಿಯುವ ಕೈಗೂ ಏರುತ್ತದೆ ತಂಬಾಕು

ಮಾನ್ಯ ಆರೋಗ್ಯಾಧಿಕಾರಿಗಳೇ,

ನಿಮ್ಮ ಇಲಾಖೆಯ ಮಾತು ಕೇಳಿ ತಂಬಾಕು ಬಿಟ್ಟ ನನ್ನ ಅತ್ತಿಗೆ, ಬಿಟ್ಟ ಕಾರಣಕ್ಕೇ ತಂಬಾಕಿನ ವಿಷವೇರಿ ಹೊಲದಲ್ಲಿ ಕುಸಿದುಬಿದ್ದರು. ಇದು ನಿಮಗೆ ಗೊತ್ತಿಲ್ಲವೆಂದರೆ ನಂಬುವುದು ಕಷ್ಟ. ಗೊತ್ತಿದ್ದೂ ಸುಮ್ಮನಿದ್ದೀರಿ ಎಂದರೆ ಸಹಿಸುವುದು ಕಷ್ಟ.

ನಮ್ಮದು ಮನೆಮಂದಿಯೇ ದುಡಿಯುವ ತಂಬಾಕಿನ ಹೊಲ. ಮುರಿದ ಸೊಪ್ಪನ್ನು ಅಂದೇ ಕೋಲಿಗೆ ಕಟ್ಟಿ, ಒಣಗಿಸಿ ಹದ ಮಾಡುವ ಬ್ಯಾರನ್ ಮನೆಯಲ್ಲಿ ತೂಗುಹಾಕಿ ಬೆಂಕಿ ಕೊಡಬೇಕು. ಹಾಗಾಗಿ ಎಲೆಯ ಮೇಲೆ ಇಬ್ಬನಿ ಇರುವಾಗಲೇ ಸಾಲಿಗೆ ಇಳಿಯುತ್ತೇವೆ. ಬಗ್ಗಿ ಬುಡದ ಎಲೆ ಮುರಿದು, ಕಂಕುಳಲ್ಲಿ ಅವುಚಿಕೊಂಡು ಮುಂದೆ ಸಾಗುತ್ತೇವೆ. ಎಲೆಯ ನೀರಿನ ಜೊತೆ ವಿಷವೂ ಚರ್ಮದೊಳಗೆ ಇಳಿಯುತ್ತದೆ. ಮಧ್ಯಾಹ್ನಕ್ಕೆ ತಲೆಸುತ್ತು, ಸಂಜೆಗೆ ವಾಂತಿ. ಇದಕ್ಕೆ ನಾವು ‘ಸೊಪ್ಪು ಏರುವುದು’ ಎನ್ನುತ್ತೇವೆ. ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡೂ ನೋಡಿದೆವು. ಬಿಸಿಲೇರಿದಾಗ ಒಳಗೇ ಬೆಂದುಹೋದೆವು. ಅಣ್ಣ, ನಾನು ಸಿಗರೇಟು ಸೇದುವವರು. ಒಗ್ಗಿದ ಮೈಗೆ ಅಷ್ಟಾಗಿ ಏರುವುದಿಲ್ಲ.

ಅತ್ತಿಗೆಗೆ ಮದುವೆಯಾಗಿ ಬಂದ ವರ್ಷದ ಮೊದಲ ಕೊಯ್ಲಿನಲ್ಲೇ ಏರಿತು. ಅಮ್ಮ ತಮಗೆ ತಿಳಿದ ಮದ್ದು ಕೊಟ್ಟರು: ಒಂದು ಚಿಟಿಕೆ ಹೊಗೆಸೊಪ್ಪು.

“ದವಡೇಲಿ ಇಟ್ಕೊ ಮಗಳೇ. ಒಳಗೆ ಒಗ್ಗಿದ್ರೆ ಹೊರಗಿಂದು ಏರಲ್ಲ. ನಮ್ಮತ್ತೇನೂ ನಂಗೆ ಹಿಂಗೇ ಕಲ್ಸಿದ್ದು.”

ಮದ್ದು ಕೆಲಸ ಮಾಡಿತು. ವಾಂತಿ ಕಡಿಮೆಯಾಯಿತು, ಚಟ ಅಂಟಿತು, ವರ್ಷಗಳು ಕಳೆದು ಕೆನ್ನೆಯೊಳಗೆ ಬಿಳಿ ಮಚ್ಚೆ ಎದ್ದಿತು. ನಿಮ್ಮ ತಪಾಸಣಾ ಶಿಬಿರಕ್ಕೆ ಕರೆದೊಯ್ದೆ. ಡಾಕ್ಟರು ಟಾರ್ಚ್ ಬಿಟ್ಟು ನೋಡಿ ಗದರಿದರು.

“ಗೊತ್ತಿದ್ದೂ ಗೊತ್ತಿದ್ದೂ ಬಾಯಿಗೆ ಹಾಕ್ಕೋತೀರಲ್ಲಮ್ಮ? ಇವತ್ತೇ ಬಿಡಿ. ಇದು ಕ್ಯಾನ್ಸರ್‌ಗೆ ತಿರುಗಬಹುದು.”

“ಬಿಟ್ರೆ ಸೊಪ್ಪು ಏರುತ್ತೆ ಸಾರ್.”

“ಚಟ ಇರೋರೆಲ್ಲ ಏನಾದ್ರೂ ನೆಪ ಹೇಳ್ತಾರೆ.”

ಹೊರಗೆ ಬಂದು ಅತ್ತಿಗೆ ನಕ್ಕರು. “ನೋಡಿ ಮೈದುನ್ರೇ, ಬೆಳೆದ್ರೆ ಬೆಳೆಗಾರ್ತಿ, ಬಾಯಿಗೆ ಹಾಕಿದ್ರೆ ಚಟಗಾರ್ತಿ. ಬರೀ ಮುಟ್ಟಿದ್ರೆ ಏನಂತಾರೆ, ಕೇಳೋಕೇ ಮರೆತೆ.”

ಡಾಕ್ಟರು ಹೇಳಿದ್ದು ಸರಿ, ಅದರಲ್ಲಿ ಎರಡು ಮಾತಿಲ್ಲ. ಅತ್ತಿಗೆ ಅಂದೇ ಬಿಟ್ಟರು. ಈ ಸಲದ ಮೊದಲ ಕೊಯ್ಲಿನಲ್ಲಿ ಸಾಲಿನ ನಡುವೆ ಬಿದ್ದರು. ಹೊತ್ತುಕೊಂಡು ನಿಮ್ಮ ಆಸ್ಪತ್ರೆಗೆ ಬಂದರೆ ನರ್ಸ್ ಕೇಳಿದ ಮೊದಲ ಪ್ರಶ್ನೆ, “ಕುಡಿದಿದ್ದಾರಾ?” ತೂರಾಡುತ್ತಾ ವಾಂತಿ ಮಾಡುವ ಹೆಂಗಸಿಗೆ ಅಲ್ಲಿ ಬೇರೆ ಕಾಯಿಲೆಯೇ ಇಲ್ಲ. ಆ ನರ್ಸ್ ಹಿಂದಿನ ಗೋಡೆಯ ಮೇಲೆ ‘ತಂಬಾಕು ಕೊಲ್ಲುತ್ತದೆ’ ಎಂಬ ನಿಮ್ಮ ಫಲಕವಿತ್ತು. ಸೇದುವವರ ಶ್ವಾಸಕೋಶದ ಚಿತ್ರವಿತ್ತು, ಪಕ್ಕದಲ್ಲಿ ಕೂತು ಹೊಗೆ ಕುಡಿಯುವವರದೂ ಇತ್ತು. ಸೊಪ್ಪು ಮುರಿಯುವವರ ಬಗ್ಗೆ ಒಂದಕ್ಷರ ಇರಲಿಲ್ಲ.

ಹಾಗಾದರೆ ಬೆಳೆ ಬಿಡಿ ಎನ್ನುವಿರೇನೋ. ಬೆಳೆಯಲು ಪರವಾನಗಿ ಕೊಡುವುದು ನಿಮ್ಮ ಸರ್ಕಾರ, ಮಾರಿದಾಗ ತೆರಿಗೆ ಎತ್ತುವುದೂ ಅದೇ ಸರ್ಕಾರ. ತೆರಿಗೆ ಇಲಾಖೆಗೆ ಇಷ್ಟು ಚೆನ್ನಾಗಿ ಪರಿಚಯವಿರುವ ಎಲೆ ಆರೋಗ್ಯ ಇಲಾಖೆಗೆ ಮಾತ್ರ ಅಪರಿಚಿತವೇ?

ಸೊಪ್ಪು ಏರುವುದನ್ನು ದುಡಿಮೆಯಿಂದ ಬರುವ ಕಾಯಿಲೆ ಎಂದು ಒಪ್ಪಿಕೊಳ್ಳಿ. ನಿಮ್ಮ ಡಾಕ್ಟರು, ನರ್ಸುಗಳಿಗೆ ಅದರ ಗುರುತು ಕಲಿಸಿ. ತೊಟ್ಟು ದುಡಿಯಬಹುದಾದ ಕೈಗವಸು, ನೀರಿಳಿಯದ ಅಂಗಿ ಕೊಡಿಸಿ. ಎರಡನೆಯ ಕೊಯ್ಲಿಗೆ ಎಲೆ ಹಣ್ಣಾಗುತ್ತಿದೆ. ನಿನ್ನೆ ಅತ್ತಿಗೆ ಅಮ್ಮನ ಹತ್ತಿರ ಹೊಗೆಸೊಪ್ಪಿನ ಡಬ್ಬಿ ಕೇಳಿದರು. ಅಮ್ಮ ಕೊಡದೆ, ಬೈದು, ಅತ್ತರು. ಕೊಯ್ಲಿನೊಳಗೆ ನಿಮ್ಮಿಂದ ಏನೂ ಆಗದಿದ್ದರೆ, ಆ ಬೆಳಿಗ್ಗೆ ನೀವೇ ನಮ್ಮ ಹೊಲಕ್ಕೆ ಬಂದು, ಡಬ್ಬಿ ಕೊಡಬೇಕೋ ಬೇಡವೋ ಅತ್ತಿಗೆಯ ಮುಖ ನೋಡಿ ಹೇಳಿ.

ಇಂತಿ,
ಸಿಗರೇಟಿನ ದಯೆಯಿಂದ ಸಾಲಿನಲ್ಲಿ ಇನ್ನೂ ನಿಂತಿರುವ,
ತಮ್ಮ ಫಲಕದ ಪ್ರಕಾರ ಸಾಯಲಿರುವ ಬೆಳೆಗಾರ