ಫ್ಯಾನಿನ ಸದ್ದು

ಸೆಪ್ಟೆಂಬರ್ 14, ಸೋಮವಾರ

ಗುಡ್ಡದ ಪೈನ್ ಕಾಡು ಹೊತ್ತಿಕೊಂಡು ಇವತ್ತಿಗೆ ಒಂಬತ್ತು ದಿನ. ಕಿಟಕಿ ಸಂದಿಗೆಲ್ಲ ಒದ್ದೆ ಟವೆಲ್ ತುರುಕಿದರೂ ಹೊಗೆ ಒಳಗೇ ಇದೆ. ಅಪ್ಪನದು ಮೊದಲೇ ಮರದ ಮಿಲ್ಲಿನ ಧೂಳು ತಿಂದ ಎದೆ.

ಮಧ್ಯಾಹ್ನ ಗಾಳಿ ಸೋಸುವ ನಾಲ್ಕು ಬಿಳಿ ಫಿಲ್ಟರ್‌ಗಳನ್ನು ಡಬ್ಬದ ಹಾಗೆ ನಿಲ್ಲಿಸಿ, ಟೇಪ್ ಸುತ್ತಿ, ಮೇಲೆ ಫ್ಯಾನ್ ಕೂರಿಸಿ ಅಪ್ಪನ ಮಂಚದ ಪಕ್ಕ ಇಟ್ಟೆ.

"ಏನೇ ಡಾರ್ಲಾ, ಫ್ಯಾನಿಗೆ ಡೈಪರ್ ಕಟ್ಟಿದ್ದೀಯಾ?" ಅಂತ ನಕ್ಕ. ನಕ್ಕಿದ್ದಕ್ಕೇ ಐದು ನಿಮಿಷ ಕೆಮ್ಮಿದ.

ಗಾಳಿಯೇನೋ ಸ್ವಲ್ಪ ತಿಳಿಯಾಗಿದೆ. ಆದರೆ ಆ ದರಿದ್ರ ಸದ್ದಿನಲ್ಲಿ ಅಪ್ಪನ ಉಸಿರು ನನಗೆ ಕೇಳಿಸುವುದಿಲ್ಲ. ಹತ್ತು ನಿಮಿಷಕ್ಕೊಮ್ಮೆ ಫ್ಯಾನ್ ಆರಿಸಿ ಕಿವಿಗೊಡುತ್ತೇನೆ, ಉಸಿರು ಕೇಳಿದ ಮೇಲೆ ಮತ್ತೆ ಹಾಕುತ್ತೇನೆ. ಈಗಷ್ಟೇ ಆರಿಸಿದಾಗ ಅಪ್ಪ ಕಣ್ಣು ಮುಚ್ಚಿಕೊಂಡೇ ಅಂದ, "ಇನ್ನೂ ಇದ್ದೀನಿ ಕಣೇ. ಫ್ಯಾನ್ ಹಾಕು."

ಹಾಕಿದೆ. ಮತ್ತೆ ಏನೂ ಕೇಳಿಸುತ್ತಿಲ್ಲ.